ಅಪ್‌ಡೇಟ್: ಚಾಕು ಕೊನೆಗೂ ಗಟ್ಟಿಯಾಯಿತು

ಕಾಯಿಸಿ ಎಣ್ಣೆಗೆ ಅದ್ದಿದ ಮೇಲೂ ನನ್ನ 1084 ಉಕ್ಕಿನ (ಇಂಗಾಲ ಹೆಚ್ಚಿರುವ ಉಕ್ಕು) ಚಾಕುವನ್ನು ಅರ ಸಲೀಸಾಗಿ ಕೊರೆಯುತ್ತಿದೆ, ಅಂದರೆ ಚಾಕು ಗಟ್ಟಿಯಾಗಿಲ್ಲ, ಯಾಕೆ ಎಂದು ಹೋದ ವಾರ ಕೇಳಿದ್ದೆ, ಅಲ್ವಾ?

ಎಣ್ಣೆಯನ್ನು 55 ಡಿಗ್ರಿಗೆ ಬಿಸಿ ಮಾಡಿ ನೋಡಿದೆ. ಅದರಿಂದ ಏನೂ ಬದಲಾಗಲಿಲ್ಲ. ಕೆಲಸ ಮಾಡಿದ್ದು ‘ಅಯಸ್ಕಾಂತ ಬಿಟ್ಟ ತಕ್ಷಣ (ಕಾದ ಉಕ್ಕಿಗೆ ಅದು ಅಂಟದಂತಾದ ಕೂಡಲೇ) ಅದ್ದಬೇಡಿ’ ಎಂದವರ ಸಲಹೆ. ಅಯಸ್ಕಾಂತ 770 ಡಿಗ್ರಿಗೇ ಬಿಡುತ್ತದೆ, ಈ ಉಕ್ಕಿಗೆ 815ರ ಹತ್ತಿರ ಬೇಕು. ನಾನು ಸುಮ್ನೆ ಅವಸರ ಮಾಡುತ್ತಿದ್ದೆ. ಈ ಸಲ ಉಕ್ಕಿನ ಬಣ್ಣ ಸರಿಯಾಗಿ ಕಾಣಲೆಂದು ದೀಪ ಆರಿಸಿ, ಕೆಂಪು ಕಿತ್ತಳೆಗೆ ತಿರುಗುವ ತನಕ ಕಾದು, ಆಮೇಲೆ ಅದ್ದಿದೆ.

ಆದರೂ ಅರ ಮೊದಲು ಕಚ್ಚಿತು! ಎದೆ ಧಸಕ್ಕೆಂದಿತು. ನಾಲ್ಕು ಸಲ ಉಜ್ಜಿದ ಮೇಲೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಮೇಲ್ಪದರದ ಇಂಗಾಲ ಬೆಂಕಿಯಲ್ಲಿ ಸುಟ್ಟುಹೋಗಿ ಅಷ್ಟು ಮಾತ್ರ ಮೆತ್ತಗಾಗಿರುತ್ತದೆ.

ಆಮೇಲೆ ಚಾಕು ಪೆಡಸಾಗಿ ಮುರಿಯದಿರಲೆಂದು 200 ಡಿಗ್ರಿ ಓವನ್‌ನಲ್ಲಿ ಎರಡೆರಡು ಗಂಟೆ, ಎರಡು ಸಲ ಇಟ್ಟೆ. ಹಿಡಿ ಇನ್ನೂ ಬಾಕಿ.