ಕೊಡಾಕ್ ಬಿತ್ತು ಸರಿ, ಅದರ ಊರು ಏನಾಯ್ತು?

ಅಟ್ಟದ ಟ್ರಂಕು, ಹಾಸನ

ನಮ್ಮಪ್ಪ ಹಾಸನದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದರು. ಹೋದ ವಾರ ಅಟ್ಟ ಗುಡಿಸುವಾಗ ಒಂದು ಟ್ರಂಕ್ ತುಂಬ ಹಳದಿ ಕೊಡಾಕ್ ಫಿಲ್ಮ್ ಡಬ್ಬಗಳು ಸಿಕ್ಕವು. ಒಳಗೆ ಮದುವೆ, ನಾಮಕರಣ, ತೇರುಗಳ ನೆಗೆಟಿವ್, ಡಬ್ಬದ ಮೇಲೆ ಅಪ್ಪನ ಕೈಬರಹ. ಎಲ್ಲದರಲ್ಲೂ ರಾಚೆಸ್ಟರ್ ಅಂತ ಅಚ್ಚಾಗಿದೆ, ಅದೇ ಕೊಡಾಕ್‌ನ ಊರು. ಡಿಜಿಟಲ್ ಬಂದು ಕೊಡಾಕ್ ಮುಳುಗಿತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒಂದೇ ಕಂಪನಿಯನ್ನು ನಂಬಿಕೊಂಡಿದ್ದ ಆ ಊರಿನ ಗತಿ ಏನಾಯ್ತು? ಗೊತ್ತಿದ್ದವರು ಹೇಳಿ. ಈ ನೆಗೆಟಿವ್‌ಗಳನ್ನು ಹೇಗೆ ಉಳಿಸಿಕೊಳ್ಳುವುದು ಅಂತಲೂ ತಿಳಿಸಿ.

ಮೂಡಿಗೆರೆಯವ

ಕೆಲಸದ ಮೇಲೆ ಎರಡು ವರ್ಷ ರಾಚೆಸ್ಟರ್‌ನಲ್ಲಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ನ್ಯೂಯಾರ್ಕ್ ರಾಜ್ಯದ ಊರು, ಮಧ್ಯದಲ್ಲೇ ಜೆನೆಸೀ ನದಿಯ ಜಲಪಾತ. ಕೊಡಾಕ್ ಕಟ್ಟಿದ ಜಾರ್ಜ್ ಈಸ್ಟ್‌ಮನ್ ಮೊದಲು ಅಲ್ಲಿ ಬ್ಯಾಂಕ್ ಗುಮಾಸ್ತರಾಗಿದ್ದರು. 1888ರಲ್ಲಿ ಅವರು ತಂದ ಕೊಡಾಕ್ ಕ್ಯಾಮೆರಾಕ್ಕೆ 25 ಡಾಲರ್. ಒಳಗೆ 100 ಫೋಟೋಗಳ ರೋಲ್. ಮುಗಿದ ಮೇಲೆ ಇಡೀ ಕ್ಯಾಮೆರಾನೇ ರಾಚೆಸ್ಟರ್‌ಗೆ ಕಳಿಸಬೇಕು, ಅವರು ರೋಲ್ ತೊಳೆದು, ಪ್ರಿಂಟ್ ಹಾಕಿ, ಹೊಸ ರೋಲ್ ತುಂಬಿ ವಾಪಸ್ ಕಳಿಸುತ್ತಿದ್ದರು. 1900ರಲ್ಲಿ ಬ್ರೌನಿ ಅನ್ನುವ ಅವರ ಅಗ್ಗದ ಕ್ಯಾಮೆರಾ ಬಂತು, ಬರೀ 1 ಡಾಲರ್‌ಗೆ.

1980ರ ದಶಕದ ಶುರುವಿನಲ್ಲಿ ಅಲ್ಲಿ 60,000 ಜನ ಕೊಡಾಕ್‌ನಲ್ಲಿದ್ದರು, ಊರಿನ ಜನವೇ ಆಗ ಸುಮಾರು 2.4 ಲಕ್ಷ. ವರ್ಷಕ್ಕೊಮ್ಮೆ ಬೋನಸ್ ಬಂದರೆ ಅಂಗಡಿ ಬೀದಿಗೆಲ್ಲ ಹಬ್ಬವಂತೆ. ನಮ್ಮಲ್ಲಿ ಕಾಫಿಗೆ ರೇಟು ಬಂದ ವರ್ಷ ಚಿಕ್ಕಮಗಳೂರು ಪೇಟೆ ಹೇಗಿರುತ್ತದೋ ಹಾಗೆ ಅಂದುಕೊಳ್ಳಿ. ಆಮೇಲೆ ಕೆಲಸ ಹೋಗುತ್ತಾ ಹೋದವು, 2007ರಲ್ಲಿ ಕಾರ್ಖಾನೆಯ ದೊಡ್ಡ ಕಟ್ಟಡಗಳನ್ನೇ ಸಿಡಿಮದ್ದಿಟ್ಟು ಉರುಳಿಸಿದರು, 2012ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಊರು ಸಾಯಲಿಲ್ಲ. ಕಷ್ಟ ಪಟ್ಟಿದೆ, ಬಡತನ ಈಗಲೂ ಇದೆ. ಆದರೆ ಇವತ್ತು ಅಲ್ಲಿ ಅತಿ ಹೆಚ್ಚು ಜನಕ್ಕೆ ಕೆಲಸ ಕೊಟ್ಟಿರುವುದು ವಿಶ್ವವಿದ್ಯಾಲಯ ಮತ್ತು ಅದರ ಆಸ್ಪತ್ರೆ. ಅದೇ ವಿಶ್ವವಿದ್ಯಾಲಯಕ್ಕೆ, ಅದರ ವೈದ್ಯಕೀಯ ಶಾಲೆಗೆ, ಸಂಗೀತ ಶಾಲೆಗೆ ಈಸ್ಟ್‌ಮನ್ ತಮ್ಮ ದುಡ್ಡು ಸುರಿದಿದ್ದರು. ಫಿಲ್ಮ್ ಮಾರಿ ಬಂದ ದುಡ್ಡು ಹೀಗೆ ಇನ್ನೊಂದು ರೂಪದಲ್ಲಿ ಊರಿನಲ್ಲೇ ಉಳಿಯಿತು. ನನಗೆ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ಹಿಡಿದದ್ದು ಇದೇ.

ಕೆಂಪು ಬಲ್ಬು, ಚಿಕ್ಕಮಗಳೂರು

ಮೂವತ್ತು ವರ್ಷ ಡಾರ್ಕ್ ರೂಮಿನಲ್ಲಿ ನಿಂತವನು ನಾನು. ಕೊಡಾಕ್‌ನವರು ನಿದ್ದೆ ಮಾಡುತ್ತಿದ್ದರು ಅಂತ ಸುಮ್ನೆ ಹೇಳುವುದು ಸರಿಯಲ್ಲ. ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಅವರ ಇಂಜಿನಿಯರ್ ಸ್ಟೀವ್ ಸ್ಯಾಸನ್, 1975ರಲ್ಲಿ. ಒಂದು ಫೋಟೋ ಕ್ಯಾಸೆಟ್‌ಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಆದರೆ ಫಿಲ್ಮ್ ಮಾಡುವ ಕಸುಬೇ ಬೇರೆ. ಬೆಳ್ಳಿ, ಜಿಲೆಟಿನ್ ಕಲಸಿ, ಕತ್ತಲೆಯಲ್ಲಿ, ಕೂದಲಿಗಿಂತ ತೆಳ್ಳಗೆ ಪದರದ ಮೇಲೆ ಪದರ ಬಳಿಯಬೇಕು. ಅದನ್ನು ಕಲಿತ ಸಾವಿರಾರು ಜನರಿಗೆ ನಾಳೆಯಿಂದ ಚಿಪ್ ಮಾಡಿ ಅಂದರೆ ಆಗುತ್ತದಾ? ತೋಟದ ಮೇಸ್ತ್ರಿಯನ್ನು ಕರೆದು ಮೀನು ಹಿಡಿ ಅಂದ ಹಾಗೆ. ನಮ್ಮ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಥೆಯೂ ಬೇಜಾರಿನದೇ. ಅವರ 'ಇಂದು' ಫಿಲ್ಮ್ ಎಷ್ಟು ತೊಳೆದಿದ್ದೇನೋ. ಆ ಕಾರ್ಖಾನೆ ಮುಚ್ಚೇಹೋಯಿತು. ರಾಚೆಸ್ಟರ್‌ನಲ್ಲಿ ಇವತ್ತಿಗೂ ಫಿಲ್ಮ್ ಮಾಡುತ್ತಿದ್ದಾರೆ, ಸಿನಿಮಾದವರೂ ಕೊಳ್ಳುತ್ತಾರೆ.

ಇನ್ನು ನಿಮ್ಮ ಟ್ರಂಕು. ಮೊದಲು ಅಟ್ಟದಿಂದ ಇಳಿಸಿ, ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಫಂಗಸ್ ಹಿಡಿಯುತ್ತದೆ. ಬಟ್ಟೆಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ಅಂಚು ಹಿಡಿದೇ ತೆಗೆಯಿರಿ. ವಿನೆಗರ್ ತರಹ ಹುಳಿ ವಾಸನೆ ಬಂದವನ್ನು ಬೇರೆ ಇಟ್ಟು, ಅವನ್ನೇ ಮೊದಲು ಸ್ಕ್ಯಾನ್ ಮಾಡಿಸಿ, ತಡ ಮಾಡಿದರೆ ಮುದುಡಿಹೋಗುತ್ತವೆ. ಉಳಿದವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಅಟ್ಟದ ಟ್ರಂಕು, ಹಾಸನ

ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ಟ್ರಂಕ್ ಈಗಷ್ಟೇ ಇಳಿಸಿದೆ. ಮೂರು ಡಬ್ಬದಲ್ಲಿ ಹುಳಿ ವಾಸನೆ ಇದೆ, ಒಂದರ ಮೇಲೆ 'ಬೇಲೂರು ತೇರು' ಅಂತ ಅಪ್ಪ ಬರೆದಿದ್ದಾರೆ. ನಾಳೆ ಅದನ್ನೇ ಮೊದಲು ಒಯ್ಯುತ್ತೇನೆ.