ಉಪಾಸ ಇದ್ರ ಎಚ್ಚರ ತಪ್ಪತೈತಿ, ಫಿಟ್ಸ್ ಗುಳಗಿ ನಾಟವಲ್ದು: ಇದು ಪ್ಯಾಂಕ್ರಿಯಾಸ್ ಗಡ್ಡಿ ಏನ್ರಿ?

ಪ್ರಶ್ನೆ (ಜಮಖಂಡಿ ತಾಲೂಕಿನಿಂದ):
ನಮಸ್ಕಾರ ಡಾಕ್ಟ್ರ. ನಮ್ಮ ವೈನಿಯವರಿಗೆ 42 ವರ್ಷ. ಎರಡು ವರ್ಷ ಆತು, ಒಂದೊಂದು ದಿನ ಮುಂಜಾನೆ ಎದ್ದಕೂಡ್ಲೆ ಮಾತು ತೊದಲತಾವ, ಮೈಯೆಲ್ಲ ಬೆವರತೈತಿ, ನಮ್ಮ ಗುರ್ತು ಹತ್ತಂಗಿಲ್ಲ. ಸಂಕಷ್ಟಿ ಉಪಾಸ ಇದ್ದಾಗ ಬಿದ್ದು ಕೈಕಾಲು ಸೆಟದು ಬಿಟ್ಟಿದ್ರು. ಮೊದಲ ಗಾಳಿ ಅಂತ ತಾಯ್ತ ಕಟ್ಟಿಸಿದ್ವಿ, ಆಮ್ಯಾಲೆ ಫಿಟ್ಸ್ ಅಂತ ಗುಳಗಿ ಸುರು ಆತು. ಗುಳಗಿ ನಾಟವಲ್ದು. ಸಕ್ಕರಿ ನೀರು ಕುಡಿಸಿದ್ರ ಮಾತ್ರ ಹತ್ತು ನಿಮಿಷದಾಗ ಸರಿ ಆಗ್ತಾರ. ಮೈನೂ ಬಂದೈತಿ. ಹೋದ ವಾರ ಅವ್ವನ ಶುಗರ್ ಮಷಿನ್ ಹಚ್ಚಿ ನೋಡಿದ್ರ 41 ಬಂತು. ವೈನಿಗೆ ಶುಗರ್ ರೋಗ ಇಲ್ರಿ. ಹೊಟ್ಟಿ ಸ್ಕ್ಯಾನಿಂಗ್ ನಾರ್ಮಲ್ ಐತಿ. ಒಬ್ರು ಡಾಕ್ಟರು ಚೀಟಿ ಮ್ಯಾಲೆ 'ಇನ್ಸುಲಿನೋಮಾ?' ಅಂತ ಬರದಾರ. ಕ್ಯಾನ್ಸರ್ ಏನ್ರಿ ಇದು? ದೊಡ್ಡ ಸ್ಕ್ಯಾನ್ ಎಲ್ಲಿ ಮಾಡಿಸೋಣು?

ಉತ್ತರ (ಹಾರ್ಮೋನ್ ತಜ್ಞರು, ವಿಜಯಪುರ):
ಸ್ಕ್ಯಾನ್ ಆಮೇಲೆ ನೋಡೋಣ. ಮೊದಲು ರಕ್ತದ ಸಾಕ್ಷಿ ಬೇಕು.

ಆ ಚೀಟಿ ಬರೆದವರಿಗೆ ಒಂದು ನಮಸ್ಕಾರ ಹೇಳಿ, ಅವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಇನ್ಸುಲಿನೋಮಾ ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ ಬೆಳೆದು, ಸಕ್ಕರೆ ಇಳಿಸುವ ಇನ್ಸುಲಿನ್ ಹಾರ್ಮೋನನ್ನು ಸುರಿಸುವ ಗಡ್ಡೆ. ಸಕ್ಕರೆ ಇಳಿದ ಲಕ್ಷಣ, ಆ ಹೊತ್ತಿನಲ್ಲೇ ಅಳತೆಯಲ್ಲೂ ಕಡಿಮೆ ಸಕ್ಕರೆ, ಸಕ್ಕರೆ ಕೊಟ್ಟ ಕೂಡಲೇ ಗುಣ. ಈ ಮೂರೂ ಕೂಡಿ ಬಂದರೆ ಅನುಮಾನಪಡಿ ಎಂದು ಅಮೆರಿಕದ ಸರ್ಜನ್ ಅಲೆನ್ ವಿಪ್ಪಲ್ 1930ರ ದಶಕದಲ್ಲೇ ಹೇಳಿಟ್ಟಿದ್ದಾರೆ. ನಿಮ್ಮ ವೈನಿಯವರಲ್ಲಿ ಮೂರೂ ಇರುವಂತೆ ಕಾಣುತ್ತದೆ. ಆದರೆ ಮನೆಯ ಮಷಿನ್ ಇಷ್ಟು ಕೆಳಗಿನ ಅಂಕಿಗಳಲ್ಲಿ ಹೆಚ್ಚುಕಮ್ಮಿ ತೋರಿಸುತ್ತದೆ. ಅದನ್ನು ನಂಬಿ ಯಾರೂ ಹೊಟ್ಟೆ ಕೊಯ್ಯುವುದಿಲ್ಲ.

ಒಳಗೆ ಆಗುವುದು ಇಷ್ಟು. ಆರೋಗ್ಯವಂತರಲ್ಲಿ ಸಕ್ಕರೆ ಇಳಿಯುತ್ತಿದ್ದಂತೆ ಮೇದೋಜ್ಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಇನ್ಸುಲಿನ್ ಬಿಡುವುದನ್ನು ನಿಲ್ಲಿಸುತ್ತದೆ. ಈ ಗಡ್ಡೆಗೆ ಆ ಲಗಾಮಿಲ್ಲ, ಊಟ ಮಾಡಿದರೂ ಉಪವಾಸ ಇದ್ದರೂ ಬಿಡುತ್ತಲೇ ಇರುತ್ತದೆ. ಅದಕ್ಕೇ ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಮಲಗಿ ಎದ್ದ ಮುಂಜಾನೆ, ವ್ರತದ ದಿನ ತೊಂದರೆ ಜಾಸ್ತಿ. ಸಕ್ಕರೆ ಸಿಗದೆ ಮಿದುಳು ತಡವರಿಸಿದಾಗ ಅದು ಫಿಟ್ಸ್‌ನಂತೆ, ಒಮ್ಮೊಮ್ಮೆ ಮಾನಸಿಕ ಕಾಯಿಲೆಯಂತೆ ಕಾಣುತ್ತದೆ. ತಿಂದರೆ ಹಗುರಾಗುತ್ತದೆ ಎಂದು ಗೊತ್ತಾಗಿ ಪದೇಪದೇ ತಿಂದು ತೂಕವೂ ಏರುತ್ತದೆ.

ಈಗ ಮಾಡಬೇಕಾದ್ದು: ಒಬ್ಬ ಎಂಡೊಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ) ಇರುವ ಆಸ್ಪತ್ರೆಯಲ್ಲಿ ದಾಖಲು ಮಾಡಿಸಿ. ವಿಜಯಪುರ, ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ, ನೇರ ಬೆಂಗಳೂರು ಬಸ್ ಹತ್ತಬೇಡಿ. ದಾಖಲಾದ ಮೇಲೆ 72 ಗಂಟೆಯವರೆಗಿನ ಉಪವಾಸ ಪರೀಕ್ಷೆ ಮಾಡುತ್ತಾರೆ. ಬಹಳ ಮಂದಿಗೆ ಮೊದಲ ಎರಡು ದಿನದಲ್ಲೇ ಸಕ್ಕರೆ ಬೀಳುತ್ತದೆ, ಮೂರು ದಿನ ಬೇಕಾಗುವುದಿಲ್ಲ. ಬಿದ್ದ ಆ ಗಳಿಗೆಯಲ್ಲಿ ಗ್ಲೂಕೋಸ್ ಕೊಡುವ ಮೊದಲು ರಕ್ತ ತೆಗೆಯಬೇಕು. ಸಕ್ಕರೆ 55ಕ್ಕಿಂತ (mg/dL) ಕೆಳಗಿರುವಾಗ ಇನ್ಸುಲಿನ್ 3 (µU/mL) ಅಥವಾ ಹೆಚ್ಚು, ದೇಹವೇ ಇನ್ಸುಲಿನ್ ಮಾಡುವಾಗ ಜೊತೆಗೆ ಹೊರಬರುವ ಸಿ-ಪೆಪ್ಟೈಡ್ 0.6 (ng/mL) ಅಥವಾ ಹೆಚ್ಚು ಇದ್ದರೆ ಇನ್ಸುಲಿನ್ ಇರಬಾರದ ಹೊತ್ತಿನಲ್ಲಿ ಇದೆ ಎಂದರ್ಥ. ಉಪವಾಸದಲ್ಲಿ ಕೊಬ್ಬು ಕರಗಿ ಬರುವ ಕೀಟೋನ್ ಅಂಶವನ್ನು ಇನ್ಸುಲಿನ್ ತಡೆಯುತ್ತದೆ, ಹಾಗಾಗಿ ಅದು ಕಡಿಮೆ ಇರುವುದೂ ಅದೇ ಕಥೆ ಹೇಳುತ್ತದೆ.

ಚಿಕ್ಕ ಮಾತು, ಆದರೆ ಇಲ್ಲಿಯೇ ಬಹಳ ಕಡೆ ಕೆಡುತ್ತದೆ: ಸಕ್ಕರೆಯ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿನಲ್ಲೇ ಹಾಕಬೇಕು. ಬೇರೆ ಟ್ಯೂಬಿನಲ್ಲಿ ಹಾಕಿ ನಮ್ಮ ಬಿಸಿಲಿನಲ್ಲಿ ತಾಸುಗಟ್ಟಲೆ ಇಟ್ಟರೆ ರಕ್ತಕಣಗಳೇ ಸಕ್ಕರೆ ತಿಂದುಹಾಕುತ್ತವೆ. ಇಲ್ಲದ ರೋಗ ವರದಿಯಲ್ಲಿ ಕಾಣುತ್ತದೆ.

ಕ್ಯಾನ್ಸರ್ ವಿಷಯ. ಇದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಬರುವ ಗಡ್ಡೆ. ನೂರರಲ್ಲಿ ಸುಮಾರು 90 ಹರಡುವಂಥವಲ್ಲ.

ಮರುಪ್ರಶ್ನೆ (ಅದೇ ಜಮಖಂಡಿಯವರು):
ಮನ್ಯಾಗ ನಾವ ಒಂದೆರಡ ದಿನ ಉಪಾಸ ಕೆಡವಿ ಮಷಿನ್ ಹಚ್ಚಿ ನೋಡಿದ್ರ ಆಗಂಗಿಲ್ಲೇನ್ರಿ? ಖರ್ಚು ಉಳಿತೈತಿ.

ಉತ್ತರ:
ಬ್ಯಾಡ್ರಿ, ಖಂಡಿತ ಬ್ಯಾಡ. ರಾತ್ರಿ ನಿದ್ದೆಯಲ್ಲಿ ಸಕ್ಕರೆ 30ಕ್ಕೆ ಇಳಿದರೆ ನಿಮಗೆ ಗೊತ್ತಾಗುವ ಹೊತ್ತಿಗೆ ಮಿದುಳಿಗೆ ಪೆಟ್ಟು ಬಿದ್ದಿರಬಹುದು. ದಾಖಲಾಗುವವರೆಗೆ ಸಂಕಷ್ಟಿ, ಏಕಾದಶಿ ಎಲ್ಲ ಬಂದ್. ಮಲಗುವಾಗ ರೊಟ್ಟಿಯೋ ಉಪ್ಪಿಟ್ಟೋ ತಿಂದೇ ಮಲಗಲಿ, ನಡುರಾತ್ರಿ ಒಮ್ಮೆ ಎಬ್ಬಿಸಿ ಏನಾದರೂ ಕೊಡಿ. ಒಲೆಯ ಮುಂದೆ, ಬಾವಿಯ ಹತ್ತಿರ ಒಬ್ಬರೇ ಇರಬಾರದು. ಎಚ್ಚರ ಇದ್ದರೆ ಸಕ್ಕರೆ ನೀರು ಕುಡಿಸಿ. ಪೂರ್ತಿ ಎಚ್ಚರ ತಪ್ಪಿದ್ದರೆ ಬಾಯಿಗೆ ಸುರಿಯಬೇಡಿ, ಪುಪ್ಪುಸಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವ್ವನ ಶುಗರ್ ಮಷಿನ್ ಅಂದಿರಿ, ಅಂದರೆ ಅವರಿಗೆ ಶುಗರ್ ಇರಬೇಕು. ಅವರು ಗ್ಲಿಮೆಪಿರೈಡ್‌ನಂಥ ಶುಗರ್ ಗುಳಗಿ ತೆಗೆದುಕೊಳ್ಳುತ್ತಿದ್ದರೆ, ಅದು ಮತ್ತು ವೈನಿಯವರ ಗುಳಗಿ ಒಂದೇ ಡಬ್ಬಿಯಲ್ಲಿವೆಯೇ? ಆ ಗುಳಗಿ ತಪ್ಪಿ ಹೊಟ್ಟೆಗೆ ಹೋದರೆ ಇನ್ಸುಲಿನ್ನೂ ಏರುತ್ತದೆ, ಸಿ-ಪೆಪ್ಟೈಡೂ ಏರುತ್ತದೆ, ಥೇಟ್ ಗಡ್ಡೆಯ ವರದಿಯೇ ಬರುತ್ತದೆ. ಅದಕ್ಕೇ ಅದೇ ರಕ್ತದಲ್ಲಿ ಶುಗರ್ ಗುಳಗಿಯ ಅಂಶವನ್ನೂ ಹುಡುಕಿಸುತ್ತೇವೆ.

ಪ್ರಶ್ನೆ (ಅಥಣಿಯಿಂದ):
ಸರ್, ಸಿಟಿ ಮಾಡಿಸಿದ್ರೆ ಒಂದೇ ದಿನಕ್ಕೆ ತಿಳಿಯುತ್ತಲ್ಲ, ಇಷ್ಟೆಲ್ಲ ಯಾಕೆ?

ಉತ್ತರ:
ಇವುಗಳಲ್ಲಿ ಹೆಚ್ಚಿನವು 2 ಸೆಂಟಿಮೀಟರ್‌ಗಿಂತ ಚಿಕ್ಕವು. ಸಿಟಿಯಲ್ಲಿ ಕಾಣದೆ ಹೋದರೆ 'ಏನೂ ಇಲ್ಲ' ಎಂದು ಮನೆಗೆ ಕಳಿಸುತ್ತಾರೆ. ಸಂಬಂಧವಿಲ್ಲದ ಯಾವುದೋ ಗಂಟು ಕಂಡರೆ ಅದನ್ನೇ ಕೊಯ್ಯುವ ಮಾತು ಬರುತ್ತದೆ. ರಕ್ತದಲ್ಲಿ ಖಾತ್ರಿಯಾದ ಮೇಲೆ ಸಿಟಿ ಅಥವಾ ಎಂಆರ್‌ಐ ಮಾಡಿ, ಸಿಗದಿದ್ದರೆ ಎಂಡೊಸ್ಕೋಪಿಕ್ ಅಲ್ಟ್ರಾಸೌಂಡ್. ಜಠರದ ಒಳಗಿನಿಂದ ನೋಡುವುದರಿಂದ ಗ್ರಂಥಿ ಹತ್ತಿರದಲ್ಲೇ ಸಿಗುತ್ತದೆ. ಅಲ್ಲೂ ಸಿಗದಿದ್ದರೆ ಗ್ಯಾಲಿಯಂ ಎಕ್ಸೆಂಡಿನ್ ಪೆಟ್ ಸ್ಕ್ಯಾನ್ (ಅಲ್ಪ ವಿಕಿರಣದ ಔಷಧ ಕೊಟ್ಟು ಗಡ್ಡೆ ಹುಡುಕುವ ಸ್ಕ್ಯಾನ್) ಇದೆ. ಡೋಟಾಟೇಟ್ ಪೆಟ್ ಬೇರೆ, ಈ ಗಡ್ಡೆಗೆ ಅದು ಅಷ್ಟು ಚುರುಕಲ್ಲ. ಹೆಸರು ನೋಡಿಕೊಂಡು ದುಡ್ಡು ಕಟ್ಟಿ.

ಪ್ರಶ್ನೆ (ಮುಧೋಳದಿಂದ):
ನನಗೂ ಹಸಿವಾದ್ರ ಕೈ ನಡಗತಾವ್ರಿ, ನನಗೂ ಗಡ್ಡಿ ಇರಬಹುದೇನ್ರಿ?

ಉತ್ತರ:
ನಡುಕ ಬಂದಾಗ ಲ್ಯಾಬಿನಲ್ಲಿ ಸಕ್ಕರೆ ನೋಡಿಸಿ. 70 ದಾಟಿದ್ದರೆ ನಿಮ್ಮದು ಬರೀ ಹಸಿವು, ಊಟ ಮಾಡಿ.

ಪ್ರಶ್ನೆ (ಬೆಳಗಾವಿಯಿಂದ):
ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಆಗಿದ್ದೂ ಇದೇನಾ ಸರ್?

ಉತ್ತರ:
ಅವರದು ನ್ಯೂರೊಎಂಡೊಕ್ರೈನ್ ಗಡ್ಡೆ, ಅಂದರೆ ಹಾರ್ಮೋನ್ ಬಿಡುವ ಜೀವಕೋಶಗಳಲ್ಲಿ ಹುಟ್ಟುವ ಗಡ್ಡೆ, ಇನ್ಸುಲಿನೋಮಾ ಕೂಡ ಆ ಗುಂಪಿನದೇ. 2003ರಲ್ಲಿ ಗೊತ್ತಾದರೂ ಅವರು 2004ರವರೆಗೆ ಆಪರೇಷನ್ ಮುಂದೂಡಿದ್ದರು. ಸಾಮಾನ್ಯವಾಗಿ ಜನ ಹೆದರುವ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬೇರೆಯೇ ಜಾತಿ, ಬಹಳ ಕ್ರೂರ.

ಮರುಪ್ರಶ್ನೆ (ಜಮಖಂಡಿಯವರು):
ಡಬ್ಬಿ ನೋಡಿದ್ವಿ ಡಾಕ್ಟ್ರ, ಮೊದಲಿಂದನೂ ಬ್ಯಾರೆನ ಅದಾವ. ಗಡ್ಡಿ ಅಂತ ಖಾತ್ರಿ ಆದ್ರ ಮುಂದೇನ್ರಿ? ಪ್ಯಾಂಕ್ರಿಯಾಸ್ ತಗದ್ರ ಶುಗರ್ ಬರತೈತಿ ಅಂತಾರಲ್ರಿ?

ಉತ್ತರ:
ಪೂರ್ತಿ ತೆಗೆಯುವುದಿಲ್ಲ. ಗಡ್ಡೆ ಮೇಲ್ಮೈಯಲ್ಲಿದ್ದು ಮುಖ್ಯ ನಾಳದಿಂದ ದೂರ ಇದ್ದರೆ, ಹಸಿ ತೊಗರಿಕಾಯಿ ಸುಲಿದು ಕಾಳು ಬಿಡಿಸಿದ ಹಾಗೆ ಅದನ್ನಷ್ಟೇ ಬಿಡಿಸುತ್ತಾರೆ. ಬಾಲದ ಭಾಗದಲ್ಲಿ ಆಳಕ್ಕಿದ್ದರೆ ಆ ತುದಿಯನ್ನು ಕತ್ತರಿಸುತ್ತಾರೆ. ತಲೆಭಾಗದಲ್ಲಿ ನಾಳಕ್ಕೆ ಅಂಟಿದ್ದರೆ ಮಾತ್ರ ದೊಡ್ಡ ಆಪರೇಷನ್, ಅದಕ್ಕೂ ಆ ವಿಪ್ಪಲ್ ಹೆಸರೇ. ಬಿಡಿಸುವುದಷ್ಟೇ ಆದರೆ ಶುಗರ್ ರೋಗದ ಭಯ ಕಡಿಮೆ. ಆಪರೇಷನ್ ಆದ ಕೆಲ ದಿನ ಸಕ್ಕರೆ ಏರುವುದುಂಟು, ಇಷ್ಟು ದಿನ ಸುಮ್ಮನಿದ್ದ ಉಳಿದ ಜೀವಕೋಶಗಳು ಎಚ್ಚರವಾಗಲು ಸಮಯ ಬೇಕು, ಗಾಬರಿಯಾಗಬೇಡಿ. ಗಾಯದಿಂದ ಪ್ಯಾಂಕ್ರಿಯಾಸ್ ರಸ ಸೋರುವುದು ಇದರ ನಿಜವಾದ ತಲೆನೋವು. ಅದಕ್ಕೆ ಪ್ಯಾಂಕ್ರಿಯಾಸ್ ಆಪರೇಷನ್ ಆಗಾಗ ಮಾಡುವ ಸರ್ಜನ್ನರನ್ನೇ ಹುಡುಕಿ. ಆಪರೇಷನ್ ವೇಳೆ ಅಲ್ಟ್ರಾಸೌಂಡ್ ಹಚ್ಚಿ ನೋಡುತ್ತೀರಾ ಅಂತಲೂ ಕೇಳಿ. ಅಲ್ಲಿಯವರೆಗೆ ಸಕ್ಕರೆ ಹಿಡಿದಿಡಲು ಡಯಾಜಾಕ್ಸೈಡ್ ಔಷಧ ಇದೆ, ಕಾಲು ಬಾವು ಬರಬಹುದು, ಮೈ ಕೂದಲು ಹೆಚ್ಚಬಹುದು.

ವೈನಿಯವರ ಕ್ಯಾಲ್ಸಿಯಂ ಒಮ್ಮೆ ನೋಡಿಸಿ. ಅದು ಹೆಚ್ಚಿದ್ದರೆ, ಇಲ್ಲವೇ ಅವರ ತವರಿನಲ್ಲಿ ಯಾರಿಗಾದರೂ ಇಂಥದೇ ಗಡ್ಡೆ, ಪದೇಪದೇ ಕಿಡ್ನಿ ಕಲ್ಲು ಇದ್ದರೆ ಎಂಇಎನ್-1 ಎಂಬ ವಂಶದ ಕಾಯಿಲೆಯ ಬಗ್ಗೆ ಯೋಚಿಸಬೇಕಾಗುತ್ತದೆ. ಕಲ್ಲೊಂದೇ ಇದ್ದರೆ ಹೆದರಬೇಡಿ, ನಮ್ಮ ಕಡೆ ಅದೇನು ಅಪರೂಪವಲ್ಲ.

ಆಧಾರ್ ಮತ್ತು ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇದು ಬರುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ಫಿಟ್ಸ್ ಗುಳಗಿಯನ್ನು ನೀವಾಗಿಯೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಅದರಿಂದಲೇ ಫಿಟ್ಸ್ ಬರಬಹುದು.