ಜಪಾನಿ ಭಾಷೆಯಲ್ಲಿ ಸರ್ಕಾರದ ಬಗೆಗಳ ಹೆಸರು: ನೀವು ಹೇಗೆ ಕಲಿತಿರಿ?

ಕೇಳಿದ್ದು: ಜಪಾನಿ ಭಾಷಾ ಸಾಮರ್ಥ್ಯದ ಎನ್‌2 ಹಂತದ ಪರೀಕ್ಷೆಗೆ ಓದುತ್ತಿದ್ದೇನೆ. ಪ್ರಜಾಪ್ರಭುತ್ವ, ಗಣರಾಜ್ಯ, ಸರ್ವಾಧಿಕಾರ ಇಂಥ ಪದಗಳೆಲ್ಲ ಕಲಸಿಹೋಗುತ್ತವೆ. ಬಾಯಿಪಾಠ ಮಾಡಿದರೂ ನಿಲ್ಲುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಒಬ್ಬರು: ಪದವನ್ನು ಇಡಿಯಾಗಿ ನುಂಗಬೇಡಿ, ಬಿಡಿಸಿ ನೋಡಿ. ಕೊನೆಯಲ್ಲಿ ‘ಸೇ’ ಬಂದರೆ ವ್ಯವಸ್ಥೆ. ಕುನ್‌ಶುಸೇ ರಾಜಪ್ರಭುತ್ವ, ಕ್ಯೋವಾಸೇ ಗಣರಾಜ್ಯ, ರೆನ್‌ಪೋಸೇ ಒಕ್ಕೂಟ. ‘ಶುಗಿ’ ಬಂದರೆ ನಮ್ಮ ‘ವಾದ’ ಇದ್ದ ಹಾಗೆ: ಶಾಕಾಯ್‌ಶುಗಿ ಅಂದರೆ ಸಮಾಜವಾದ. ಪ್ರಜಾಪ್ರಭುತ್ವಕ್ಕೂ ಜಾಸ್ತಿ ಬಳಸುವುದು ಮಿನ್‌ಶುಶುಗಿ. ಇಲ್ಲಿ ‘ಶು’ ಒಡೆಯ, ‘ಮಿನ್’ ಜನ, ‘ಕುನ್’ ಅರಸು. ಒಡೆಯ ಯಾರು ಅಂತ ಕೇಳಿಕೊಂಡರೆ ಎರಡೂ ಪದ ಒಟ್ಟಿಗೇ ಬರುತ್ತವೆ. ಸರ್ವಾಧಿಕಾರಕ್ಕೆ ದೊಕುಸಾಯ್. ಮದುವೆಯಾಗದವರಿಗೆ ದೊಕುಶಿನ್ ಅಂತ ಮೊದಲೇ ಕಲಿತಿರುತ್ತೀರಿ ಅಲ್ವಾ, ಅದೇ ‘ದೊಕು’. ಒಬ್ಬನೇ ತೀರ್ಮಾನಿಸುವುದು.

ಇನ್ನೊಬ್ಬರು: ನನಗೆ ನೆರವಾದದ್ದು ಜಪಾನಿನ ಚರಿತ್ರೆ. 1889ರ ಮೇಜಿ ಸಂವಿಧಾನದಲ್ಲಿ ಪರಮಾಧಿಕಾರ, ಅಂದರೆ ‘ಶುಕೆನ್’, ಚಕ್ರವರ್ತಿಯದು. 1947ರ ಮೇ 3ರಂದು ಜಾರಿಗೆ ಬಂದ ಸಂವಿಧಾನದಲ್ಲಿ ಅದು ಜನರದು. ಹಾಗಾಗಿ ತೆನ್ನೋ ಶುಕೆನ್ (ಚಕ್ರವರ್ತಿಯ ಪರಮಾಧಿಕಾರ), ಕೊಕುಮಿನ್ ಶುಕೆನ್ (ಜನರ ಪರಮಾಧಿಕಾರ) ಎರಡನ್ನೂ ಜೋಡಿಯಾಗಿ ಕಲಿಯಿರಿ. ಮೊದಲ ವಿಧಿಯಲ್ಲೇ ಚಕ್ರವರ್ತಿಯನ್ನು ‘ಶೋಚೋ’, ಅಂದರೆ ಸಂಕೇತ, ಅಂತ ಕರೆದಿದ್ದಾರೆ. ಇದನ್ನು ರಿಕ್ಕೆನ್ ಕುನ್‌ಶುಸೇ, ಅಂದರೆ ಸಾಂವಿಧಾನಿಕ ರಾಜಪ್ರಭುತ್ವ, ಅನ್ನಬಹುದೇ ಅಂತ ಅಲ್ಲಿನ ವಿದ್ವಾಂಸರಲ್ಲೇ ಚರ್ಚೆ ಇದೆ. ಗಿಇನ್ ನಾಯ್ಕಾಕುಸೇ, ಅಂದರೆ ಸಂಸದೀಯ ಪದ್ಧತಿ, ಅನ್ನುವುದಕ್ಕೆ ಮಾತ್ರ ತಕರಾರಿಲ್ಲ.

ಜಪಾನಿಯರ ಜೊತೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ನಮ್ಮ ರಾಷ್ಟ್ರಪತಿಗೆ ಅವರು ಅನ್ನುವುದು ‘ದಾಯ್‌ತೋರ್ಯೋ’. ಅಮೆರಿಕದ ಅಧ್ಯಕ್ಷರಿಗೂ ಅದೇ ಪದ. ಹಾಗಂತ ಭಾರತದ್ದು ದಾಯ್‌ತೋರ್ಯೋಸೇ, ಅಂದರೆ ಅಧ್ಯಕ್ಷೀಯ ಪದ್ಧತಿ, ಅಲ್ಲ. ಇಲ್ಲಿ ಆಡಳಿತ ನಡೆಸುವುದು ‘ಶುಶೋ’, ಪ್ರಧಾನಿ. ಭಾರತ ಕ್ಯೋವಾಸೇಯೂ ಹೌದು, ಗಿಇನ್ ನಾಯ್ಕಾಕುಸೇಯೂ ಹೌದು. ಇದನ್ನು ಜಪಾನಿಯಲ್ಲೇ ಒಮ್ಮೆ ವಿವರಿಸಿ ನೋಡಿ. ಅರ್ಧ ಪಾಠ ಅಲ್ಲೇ ಆಗುತ್ತದೆ.

ಮತ್ತೊಬ್ಬರು: ಕಿವಿಗೂ ಸ್ವಲ್ಪ ಕೆಲಸ ಕೊಡಿ. ನಿರಂಕುಶ ಆಳ್ವಿಕೆಗೆ ‘ಸೆನ್‌ಸೇ’ ಅನ್ನುತ್ತಾರೆ, ಮೇಷ್ಟ್ರಿಗೂ ‘ಸೆನ್‌ಸೇ’! ಬರಹ ಬೇರೆ, ಸ್ವರದ ಏರಿಳಿತವೂ ಬೇರೆ. ಓಸೇ (ಅರಸೊತ್ತಿಗೆ), ಗುನ್‌ಸೇ (ಸೇನಾಡಳಿತ) ಇವುಗಳ ‘ಸೇ’ ಕೂಡ ವ್ಯವಸ್ಥೆಯ ‘ಸೇ’ ಅಲ್ಲ, ಬೇರೆ ಕಾಂಜಿ (ಚೀನಾ ಮೂಲದ ಅಕ್ಷರ), ರಾಜಕೀಯ ಅನ್ನುವ ‘ಸೇಜಿ’ಯಲ್ಲಿ ಬರುವುದು. ಸುಮ್ನೆ ಕೇಳಿ ಬಿಡಬೇಡಿ, ಕೈಯಲ್ಲಿ ಬರೆಯಿರಿ. ಕೇಳುವುದಕ್ಕೆ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಸುಲಭ ಸುದ್ದಿಯಿಂದ ಶುರು ಮಾಡಿ. ಆಮೇಲೆ ಅಲ್ಲಿನ ಸಂಸತ್ತಿನ ಕಲಾಪ ಇಂಟರ್ನೆಟ್ಟಿನಲ್ಲೇ ನೇರವಾಗಿ ಬರುತ್ತದೆ, ಅದನ್ನೂ ನೋಡಿ.